ಹಿತ್ತಲ ಕೋಣೆಯ ಒಲೆ

ಹಿತ್ತಲ ಕಡೆಯ ಕೋಣೆಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಗೋವಿಂದಯ್ಯ ಮತ್ತು ಅವನ ತಮ್ಮ ನಟರಾಜು ಪಾಲಾದಾಗ ತಮ್ಮನ ಹೆಂಡತಿ ಅಲ್ಲಿ ಒಲೆ ಹೂಡಿದ್ದಳು. ಆ ಒಲೆ ಹೊತ್ತಿದ ದಿನದಿಂದ ಅಣ್ಣತಮ್ಮಂದಿರು ಒಂದೇ ಸೂರಿನಡಿ ಎರಡು ಮನೆಯವರಾದರು. ಮುಂದೆ ನಟರಾಜು ಯಳಂದೂರಿಗೆ ಹೋಗಿ ನೆಲೆಸಿದ. ಈಗಲೂ ಕೊಳ್ಳೇಗಾಲಕ್ಕೆ ಬಂದರೆ ಅಣ್ಣನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ, ಊಟಕ್ಕೆ ಮಾತ್ರ ಒಳಗೆ ಬರುವುದಿಲ್ಲ. ಕರೆದರೆ, ಆಗಿದೆ ಎನ್ನುತ್ತಾನೆ.

ಮೀನಾಗೆ ಹದಿನೆಂಟು ತುಂಬುವ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಚಿಕ್ಕತಾಯಮ್ಮ ಆ ಬೀಗ ತೆಗೆಸಿದಳು.

ಮೀನಾ ಅವಳು ಹೆತ್ತ ಮಗಳಲ್ಲ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಕಾಡಂಚಿನ ಪೋಡು ಎಂಬ ಹಾಡಿಯೊಂದರ ಸೋಲಿಗರ ಹುಡುಗಿ. ತಂದೆ ಕ್ಯಾತಯ್ಯ ಅವಳು ಕೂಸಾಗಿದ್ದಾಗಲೇ ತೀರಿಕೊಂಡ. ತಾಯಿ ಮಾದೇವಮ್ಮನೂ ಕಾಯಿಲೆ ಬಿದ್ದು ಹೋದ ಮೇಲೆ ಮಗು ಬಾಲಮಂದಿರ ಸೇರಿತು. ಅಲ್ಲಿಂದ ಸರ್ಕಾರದ ಪೋಷಕತ್ವ ಯೋಜನೆಯಲ್ಲಿ ಕೊಳ್ಳೇಗಾಲದ ಈ ನೇಕಾರರ ಮನೆಗೆ ಬಂದಾಗ ಅವಳಿನ್ನೂ ನಾಲ್ಕನೇ ತರಗತಿ. ಚಿಕ್ಕತಾಯಮ್ಮನಿಗೆ ಮೋಹನ್ ಒಬ್ಬನೇ ಮಗ, ಹೆಣ್ಣು ಮಗುವಿನ ಆಸೆ ಹಾಗೇ ಉಳಿದಿತ್ತು. ಬಂದ ಹೊಸದರಲ್ಲಿ ಹುಡುಗಿ ಮಗ್ಗದ ಸದ್ದಿಗೆ ಬೆದರಿ ಅವಳ ಸೆರಗು ಹಿಡಿದೇ ಓಡಾಡುತ್ತಿದ್ದಳು. 'ಅಕ್ಕ' ಎಂದು ಕರೆಯುತ್ತಿದ್ದವಳು ಯುಗಾದಿಯ ಹೊತ್ತಿಗೆ 'ಅವ್ವ' ಎನ್ನತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ.

ಜಿಲ್ಲಾ ಕಚೇರಿಯಿಂದ ಆಗಾಗ ಬಂದು ಹುಡುಗಿಯನ್ನು ನೋಡಿಕೊಂಡು ಹೋಗುತ್ತಿದ್ದ ದೀಪ, ಆ ಸಲ ಬಂದಾಗ ಹದಿನೆಂಟರ ಮಾತೆತ್ತಿದಳು. ಹದಿನೆಂಟಾದ ಮೇಲೆ ಯೋಜನೆ ಮುಗಿಯುತ್ತದೆ. ಇಲ್ಲಿರಬೇಡ ಎಂದು ಯಾರೂ ಹೇಳುವುದಿಲ್ಲ, ಆದರೆ ಒಬ್ಬಳೇ ಬದುಕಬೇಕಾಗಿ ಬಂದರೆ ಕೈ ಕಟ್ಟಿ ಕೂರುವಂತಾಗಬಾರದು. ಅಡುಗೆ, ಸಂತೆ, ಬ್ಯಾಂಕು, ಬಸ್ಸು ಇವೆಲ್ಲವನ್ನೂ ಕೆಲವು ವಾರ ಅವಳೇ ನಿಭಾಯಿಸಲಿ, ನೀವು ಮಾಡಿಕೊಡಬೇಡಿ. ದೀಪ ಹೇಳಿದ್ದು ಇಷ್ಟೇ. ಒಲೆ ಬೇರೆ ಮಾಡಿ ಎಂದು ಅವಳು ಹೇಳಲಿಲ್ಲ. ಅದು ಚಿಕ್ಕತಾಯಮ್ಮನದೇ ಯೋಚನೆ.

ಅವಳ ಸ್ವಭಾವವೇ ಹಾಗೆ, ಹಿಡಿದ ಕೆಲಸ ಅರೆಬರೆ ಆಗಬಾರದು. ಮೀನಾಗೆ ರಾಟೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿಸುವಾಗ ಬೇಕೆಂದೇ ರೇಷ್ಮೆ ಎಳೆ ಕಿತ್ತು, ತುದಿ ಹುಡುಕಿ ಗಂಟು ಹಾಕು ಎಂದು ಕೂರಿಸಿದವಳು ಅವಳು. ಹುಡುಗಿ ಅತ್ತರೂ ಎದ್ದು ಬರಲು ಬಿಟ್ಟಿರಲಿಲ್ಲ. ಈಗ ಮೀನಾ ಸುತ್ತಿದ ಕಂಡಿಕೆ ಲಾಳಿಯಲ್ಲಿ ಎಲ್ಲೂ ತೊಡಕುವುದಿಲ್ಲ. ಅದೇ ಲೆಕ್ಕ ಒಲೆಗೂ ಸರಿ ಎಂದುಕೊಂಡಳು.

ಅಂದು ಊಟಕ್ಕೆ ಕೂತಾಗ ಮಾತು ಬಂತು. ಗೋವಿಂದಯ್ಯ ರಾಗಿಹಿಟ್ಟಿನ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಆ ಕೋಣೇನಾ? ಒಲೆ ಬೇರೆ ಮಾಡೋದು ಪಾಲಾದಾಗ. ನೀನು ಈ ಮಗೀಗೆ ಏನು ಪಾಲು ಕೊಡ್ತಾ ಇದ್ದೀಯೆ?"

"ಪಾಲೂ ಇಲ್ಲ ಗೀಲೂ ಇಲ್ಲ. ಕಲೀಲಿ ಅಂತ. ನಾನು ಪಕ್ಕದಲ್ಲಿದ್ರೆ ಅವಳು ನನ್ ಮೊಕಾನೇ ನೋಡ್ತಾಳೆ."

ಅತ್ತೆ ರಾಚಮ್ಮ ಗೋಡೆಗೊರಗಿ ಕೂತಿದ್ದಳು. ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿತ್ತು. "ಕಲ್ಸು ಕಲ್ಸು. ನೀನು ಈ ಅಟ್ಟಿಗೆ ಬಂದಾಗ ಸಾರಿಗೆ ಉಪ್ಪು ಆಕದ್ನ ಕಲ್ಸೋಕೆ ನಾನು ಒಲೆ ಬೇರೆ ಮಾಡಿದ್ನಾ?"

ಮೋಹನ್ ನಕ್ಕ. ಊರಿನ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವನಿಗೆ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಎಲ್ಲದರಲ್ಲೂ ತಮಾಷೆ ಕಾಣುತ್ತಿತ್ತು. ಮೀನಾ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನವೇ ಕೋಣೆ ಸಾರಿಸಿದ್ದಾಯಿತು. ಚಿಕ್ಕತಾಯಮ್ಮ ಒಂದು ಬರ್ನರಿನ ಗ್ಯಾಸ್ ಒಲೆ, ಎರಡು ಪಾತ್ರೆ, ಹಿಟ್ಟು ತೊಳಸುವ ಕೋಲು, ತಟ್ಟೆ, ಲೋಟ ಎಲ್ಲವನ್ನೂ ಹೊಸದಾಗಿ ತಂದು ಜೋಡಿಸಿದಳು. ಖರ್ಚಿಗೆ ಹಿಡಿಯಲಿಲ್ಲ. ಎಲ್ಲರೂ ಕೇಳುವಂತೆ ಕಟ್ಟಳೆಯನ್ನೂ ಹೇಳಿದಳು: ಮೀನಾ ತಂದದ್ದನ್ನು ಮೀನಾ ಬೇಯಿಸಿಕೊಂಡು ಉಣ್ಣಬೇಕು, ಯಾರೂ ಈಚೆಯಿಂದ ಆಚೆಗೆ ಏನೂ ದಾಟಿಸಬಾರದು.

ಮೊದಲ ವಾರ ಮೀನಾ ಅದನ್ನು ಆಟದಂತೆ ತೆಗೆದುಕೊಂಡಳು. ಕಾಲೇಜಿನಿಂದ ಬರುತ್ತ ಸೊಪ್ಪು, ಟೊಮೇಟೊ ತಂದಳು. ಅಂಗಡಿಯವನು ಬಾಡಿದ ಸೊಪ್ಪು ಕಟ್ಟಿಕೊಟ್ಟಿದ್ದ, ಮಾರನೆಯ ದಿನ ಅವನ ಹತ್ತಿರವೇ ಹೋಗಿ ಬದಲಿಸಿಕೊಂಡು ಬಂದಳು. ಹಿಟ್ಟು ಗಂಟಾಯಿತು. ಬೇಳೆ ತಳ ಹಿಡಿಯಿತು. ಮೋಹನ್ ಹಿತ್ತಲಿಗೆ ಮುಖ ತೊಳೆಯಲು ಹೋದಾಗಲೆಲ್ಲ ಕೆಣಕುತ್ತಿದ್ದ.

"ಏನಮ್ಮಿ, ಇವತ್ತು ನಿಮ್ಮಟ್ಟೀಲಿ ಏನು ಸಾರು?"

"ನಿಮ್ಮಟ್ಟಿಗಿಂತ ಚೆಂದಾಗದೆ. ಬಾ, ಉಣ್ಣು. ಆಮೇಲೆ ಆಸ್ಪತ್ರೆ ಖರ್ಚು ನಿಂದೇಯ."

ಚಿಕ್ಕತಾಯಮ್ಮ ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದಳು. ಎರಡನೆಯ ವಾರದಲ್ಲಿ ಅತ್ತೆಯನ್ನು ಹಿಡಿದಳು. ರಾಚಮ್ಮ ಸೆರಗಿನಡಿಯಲ್ಲಿ ಬಿಸಿ ಹಿಟ್ಟು ಮುಚ್ಚಿಕೊಂಡು ಹಿತ್ತಲ ಬಾಗಿಲು ದಾಟುತ್ತಿದ್ದಳು. ಸೊಸೆ ಅಡ್ಡ ನಿಂತಳು. ಮುದುಕಿ, ನನ್ನ ಪಾಲಿನದು, ಯಾರಿಗೆ ಬೇಕಾದರೂ ಕೊಡುತ್ತೇನೆ ಎಂದಳು. ನೀವು ಹೀಗೆ ಮಾಡಿದರೆ ಅವಳು ಕಲಿತಂತೆಯೇ ಎಂದು ಇವಳು. ಮಗ್ಗದ ಕುಣಿಯಲ್ಲಿ ಕೂತಿದ್ದ ಗೋವಿಂದಯ್ಯ ಲಾಳಿ ನಿಲ್ಲಿಸಿ ಇಬ್ಬರನ್ನೂ ನೋಡಿದ, ಮತ್ತೆ ನೇಯತೊಡಗಿದ. ಕೊನೆಗೆ ರಾಚಮ್ಮ ಹಿಟ್ಟನ್ನು ತಂದು ಪಾತ್ರೆಗೆ ಹಾಕಿ, ಆ ಹೊತ್ತು ತಾನೂ ಉಣ್ಣದೆ ಮಲಗಿದಳು.

ಒಂದು ಸಂಜೆ ಗ್ಯಾಸ್ ಮುಗಿದಿತ್ತು. ಮೀನಾಗೆ ಅದು ಮೊದಲೇ ಗೊತ್ತಾಗಿರಲಿಲ್ಲ. ಅವಳು ನಡುಮನೆಯ ಬಾಗಿಲವರೆಗೆ ಬಂದು ನಿಂತಳು. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಚಿಕ್ಕತಾಯಮ್ಮನ ಕೈ ತಾನಾಗಿ ಇನ್ನೊಂದು ತಟ್ಟೆಗೆ ಹೋಯಿತು, ಮತ್ತೆ ತಡೆಯಿತು. ಇಂಥ ದಿನವೇ ಅಲ್ಲವೆ ಕಲಿಯಬೇಕಾದದ್ದು ಎಂದುಕೊಂಡು, ನಾಳೆ ಯಾರ ಹತ್ತಿರ ಹೋಗಿ ಸಿಲಿಂಡರ್ ತುಂಬಿಸಬೇಕು ಎಂದಷ್ಟೇ ಹೇಳಿದಳು. ಮೀನಾ ಸರಿ ಎಂದು ಹೋಗಿ ಕಡ್ಲೆಪುರಿ ತಿಂದು ಮಲಗಿದಳು. ಬೆಳಗಾಗುತ್ತಲೇ ಸಿಲಿಂಡರ್ ತುಂಬಿಸಿಕೊಂಡು ಬಂದಳು. ಅಂದಿನಿಂದ ಅವಳ ಒಲೆ ಒಂದು ದಿನವೂ ಆರಲಿಲ್ಲ. ಚಿಕ್ಕತಾಯಮ್ಮನಿಗೆ ತಾನು ಮಾಡಿದ್ದು ಸರಿ ಎಂಬ ಧೈರ್ಯ ಬಂತು.

ಅವರೆಕಾಯಿ ಕಾಲ ಮುಗಿಯುತ್ತ ಬಂದಿತ್ತು. ಹಿದುಕಿದ ಅವರೆಬೇಳೆ ಸಾರೆಂದರೆ ಮೀನಾಗೆ ಪ್ರಾಣ. ಕೊನೆಯ ಕಾಯಿ ತಂದ ದಿನ ಚಿಕ್ಕತಾಯಮ್ಮ ತನ್ನ ಕಟ್ಟಳೆಯನ್ನು ತಾನೇ ಮುರಿದು, ಹಿಡಿಯಿರುವ ಸ್ಟೀಲ್ ಡಬ್ಬಿಯಲ್ಲಿ ಸಾರು ಹಾಕಿ ಹಿತ್ತಲ ಕೋಣೆಗೆ ಕೊಟ್ಟು ಬಂದಳು. ಮರುದಿನ ಮೀನಾ ಡಬ್ಬಿ ತೊಳೆದು ತಂದಿಟ್ಟಳು. ಮುಚ್ಚಳ ತೆಗೆದು ನೋಡಿದ ಚಿಕ್ಕತಾಯಮ್ಮನಿಗೆ ಇದೂ ಒಂದು ಕಲಿಸಬೇಕಾದ ವಿಷಯ ಎನ್ನಿಸಿತು.

"ಅವ್ರಿವ್ರ ಮನೆ ಡಬ್ಬೀನ ಬರಿದು ಕೊಡಬಾರ್ದು ಕಣಮ್ಮಿ. ಒಂದಿಡಿ ಕಾಳೋ, ಚೂರು ಬೆಲ್ಲನೋ ಆಕಿ ಕೊಡಬೇಕು. ನಾಳೆ ಎಲ್ಲೋ ಬಾಡಿಗೆ ಮನೇಲಿ ಇದ್ದಾಗ ಅಕ್ಕಪಕ್ಕದೋರು ಏನಂದ್ಕತಾರೆ?"

ಮೀನಾ ಡಬ್ಬಿಯನ್ನೂ ಅವಳನ್ನೂ ನೋಡಿದಳು. "ಇದು ಅವ್ರಿವ್ರ ಮನೆಯಾ ಅವ್ವ?"

"ಅಂಗಂದ್ಕೊ. ಕಲೀಬೇಕಲ್ಲ."

"ಗೊತ್ತಾಯ್ತು," ಎಂದು ಮೀನಾ ಹೋದಳು. ಚಿಕ್ಕತಾಯಮ್ಮ ಡಬ್ಬಿಯನ್ನು ಮೇಲಿಟ್ಟು ಒಗ್ಗರಣೆ ಕಡೆ ತಿರುಗಿದಳು.

ಅದೇ ದಿನಗಳಲ್ಲಿ ಮೋಹನನಿಗೆ ಸಂಬಂಧ ಕೂಡಿ ಬಂದಿತ್ತು. ಮಾಂಬಳ್ಳಿಯ ಹುಡುಗಿ, ಹೆಸರು ಚೈತ್ರ. ಹುಡುಗ ಹುಡುಗಿ ಒಪ್ಪಿದ್ದರು. ಇನ್ನು ಹೆಣ್ಣಿನ ಕಡೆಯವರು ಬಂದು ಮನೆ ನೋಡುವುದಷ್ಟೇ ಉಳಿದಿತ್ತು. ಮಾಂಬಳ್ಳಿಯಿಂದ ಎಂಟು ಹತ್ತು ಜನ ಬಂದರು. ಗಂಡಸರು ಜಗಲಿಯಲ್ಲಿ ಕೂತು ಮಗ್ಗದ ಮೇಲಿದ್ದ ಸೀರೆಯ ಜರಿ ನೋಡಿದರು. ಹೆಂಗಸರು ಒಳಗೆ ಬಂದು ಅಡುಗೆಮನೆ, ನಲ್ಲಿ, ಹಿತ್ತಲು ನೋಡಿದರು. ಹುಡುಗಿಯ ಸೋದರತ್ತೆ ಮಾತಿನಲ್ಲಿ ಗಟ್ಟಿಗಿತ್ತಿ. ಅವಳ ಕಣ್ಣು ಹಿತ್ತಲ ಕೋಣೆಯ ಒಲೆಯ ಮೇಲೆ ಬಿತ್ತು.

"ಇಲ್ಲಿ ಯಾರು ಅಡ್ಗೆ ಮಾಡ್ಕಳದು?"

"ಮೀನಾ ಅಂತ. ನಮ್ಮಲ್ಲೇ ಬೆಳೆದ ಹುಡುಗಿ."

"ಸರ್ಕಾರದೋರು ಬುಟ್ಟವ್ರೆ ಅಂದ್ರಲ್ಲ, ಬೆಟ್ಟದ ಕಡೇದು, ಆ ಮಗೀನಾ? ನಮ್ಮಣ್ಣ ಅದೇ ಕೇಳ್ಕ ಬಾ ಅಂದಿದ್ದ. ನಮ್ ಚೈತ್ರ ಬಂದೋಳು ಯಾರ್ಯಾರ ಜೊತೆ ಏಗಬೇಕೋ ಅಂತ. ನಿಮ್ ಅಡ್ಗೆಮನೇಗೆ ಬರಾಕಿಲ್ವಾ ಅಂಗಾರೆ?"

ಚಿಕ್ಕತಾಯಮ್ಮನ ಬಾಯಲ್ಲಿ ಹೇಳಬೇಕಾದ ಮಾತುಗಳೆಲ್ಲ ಇದ್ದವು. ಅವಳು ಕಲಿಯಲೆಂದು ಇಟ್ಟ ಒಲೆ ಇದು, ಅವಳು ನಮ್ಮ ಮಗಳು, ಇನ್ನೆರಡು ತಿಂಗಳಿಗೆ ಇದಕ್ಕೆ ಬೀಗ ಹಾಕಿ ಒಳಗೇ ಉಣ್ಣುತ್ತಾಳೆ. ಮಾಂಬಳ್ಳಿಯವರು ಇನ್ನೂ ಎಲೆಯಡಿಕೆ ಮುಟ್ಟಿರಲಿಲ್ಲ. ಅದಕ್ಕೂ ಮುಂಚೆ ಇದೇ ಊರಲ್ಲಿ ಎರಡು ಸಂಬಂಧ ಬಂದು ಹಿಂದೆ ಸರಿದಿದ್ದವು.

"ಒಲೆ ಬೇರೆ," ಎಂದಳು.

ಸುಳ್ಳಲ್ಲ. ಸೋದರತ್ತೆಯ ಮುಖ ಸಡಿಲಾಯಿತು. "ಅಂಗಾರೆ ಸರಿ ಬುಡಿ. ಒಳ್ಳೇ ಕೆಲಸ ಮಾಡಿದ್ದೀರಿ."

ಹಾಗೆಂದು ಇಬ್ಬರೂ ತಿರುಗಿದಾಗ ಮೀನಾ ಬಾಗಿಲಲ್ಲಿದ್ದಳು. ಸೊಂಟದ ಮೇಲೆ ಕಂಡಿಕೆಯ ಬುಟ್ಟಿ. ಬಂದವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ದಿನದಂತೆಯೇ ಬುಟ್ಟಿಯನ್ನು ಗೋವಿಂದಯ್ಯನ ಮಗ್ಗದ ಪಕ್ಕದಲ್ಲಿಟ್ಟು ಹಿತ್ತಲಿಗೆ ಹೋದಳು.

ಬಂದವರು ಎಲೆಯಡಿಕೆ ತೆಗೆದುಕೊಂಡು ಹೋದ ಮೇಲೆ ಮನೆಯಲ್ಲಿ ಸಂತೋಷವಿರಬೇಕಾಗಿತ್ತು. ಗೋವಿಂದಯ್ಯ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ ಕೇಳಿದ.

"ನಮ್ ಮಗಳು ಅನ್ನಕೆ ನಿನ್ ಬಾಯಿಗೆ ಏನಾಗಿತ್ತು?"

"ಆಮೇಲೆ ಅವ್ರು ಎದ್ದೋಗಿದ್ರೆ? ಮೋಹನನ ಮದ್ವೆ ನೀವು ಮಾಡ್ತಿದ್ರಾ?"

"ಎದ್ದೋದ್ರೆ ಓಗ್ಲಿ ಅಂತ ನಾನು ಯೋಳ್ತಿದ್ದೆ."

"ಯೋಳಬೇಕಾಗಿತ್ತು ಬಂದು. ಜಗಲೀಲಿ ಕೂತ್ಕಂಡು ಜರಿ ತೋರಿಸ್ತಾ ಇದ್ರಲ್ಲ."

ಅವಳು ಹೇಳಿದ್ದರಲ್ಲೂ ನಿಜವಿತ್ತು. ಬಾಗಿಲ ಸಂದಿನಿಂದ ಮಾತು ಜಗಲಿಗೂ ಕೇಳಿಸಿತ್ತು, ಅವನೂ ಎದ್ದು ಬಂದಿರಲಿಲ್ಲ. ಮೋಹನ್ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಆ ದಿನದಿಂದ ಅವನು 'ನಿಮ್ಮಟ್ಟಿ' ಎಂಬ ತಮಾಷೆಯನ್ನು ಬಿಟ್ಟ.

ರಾಚಮ್ಮ ಈ ಸಲ ಕುಟುಕಲಿಲ್ಲ. ಕಾಲು ನೀವಿಕೊಳ್ಳುತ್ತ, "ನಟರಾಜು ಅಲ್ಲಿ ಒಲೆ ಹೂಡ್ದಾಗ ನಾನೂವೆ ನಾಕು ದಿನದ ಮಾತು ಅಂದ್ಕಂಡಿದ್ದೆ ಕಣಮ್ಮಿ," ಎಂದಳು.

ಮಾರನೆಯ ದಿನ ಚಿಕ್ಕತಾಯಮ್ಮ ಹೊತ್ತಿಗೆ ಮುಂಚೆಯೇ ಹಿಟ್ಟು ಮಾಡಿ, ಬಸ್ಸಾರು ಮಾಡಿ, ಐದು ತಟ್ಟೆ ಹಾಕಿ, ಹಿತ್ತಲ ಬಾಗಿಲಿಗೆ ಬಂದು ಕರೆದಳು. ಮೀನಾ ಒಲೆಯ ಮುಂದೆ ಕೂತಿದ್ದಳು. ಅನ್ನದ ಮುಚ್ಚಳ ಕುಣಿಯುತ್ತಿತ್ತು.

"ಒಲೆ ಮ್ಯಾಲೆ ಇಟ್ಟಿವ್ನಿ ಅವ್ವ. ಇನ್ನೇನು ಆಯ್ತದೆ."

"ಇರ್ಲಿ, ಅದನ್ನ ನಾಳೀಕೆ ಇಟ್ಕೊ. ಇನ್ನು ಕಲ್ತಿದ್ದು ಸಾಕು. ಈ ಕೋಣೆಗೆ ಬೀಗ ಆಕ್ಬುಡ್ತೀನಿ."

"ಬ್ಯಾಡ ಅವ್ವ. ಈಗ ತಾನೆ ಕೈ ಕುದುರ್ತಾ ಅದೆ."

ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಚಿಕ್ಕತಾಯಮ್ಮನಿಗೆ ಜಗಳಕ್ಕೊಂದು ದಾರಿಯಿರುತ್ತಿತ್ತು, ಜಗಳವಾಡಿ ಕೈ ಹಿಡಿದು ಎಳೆದು ತಂದು ಕೂರಿಸಬಹುದಿತ್ತು. ಅವಳು ಒಳಗೆ ಬಂದಳು. ಐದನೆಯ ತಟ್ಟೆಯನ್ನು ರಾಚಮ್ಮ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದಳು.

ಆಮೇಲಿನ ವಾರಗಳಲ್ಲಿ ಮೀನಾ ಪರೀಕ್ಷೆ ಬರೆದಳು. ಮನೆಯ ಕೆಲಸದಲ್ಲಿ ಯಾವುದನ್ನೂ ಬಿಡಲಿಲ್ಲ. ಕಂಡಿಕೆ ಸುತ್ತಿದಳು, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದಳು, ಮೋಹನನ ಮದುವೆಗೆ ಅಕ್ಕಿ ಹಸನು ಮಾಡಿದಳು. ಊಟ ಮಾತ್ರ ಹಿತ್ತಲಲ್ಲಿ. ಈಗ ಅವಳ ಹಿಟ್ಟು ಗಂಟಾಗುತ್ತಿರಲಿಲ್ಲ. ತಟ್ಟೆಯ ಮೇಲೆ ಉರುಳಿಸಿದರೆ ನುಣ್ಣಗೆ ಹೊಳೆಯುತ್ತಿತ್ತು. ಚಿಕ್ಕತಾಯಮ್ಮ ಬಟ್ಟೆ ಒಣಗಿಸುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದಳು. ಮದುವೆಯೊಂದು ಆಗಲಿ, ಆಮೇಲೆ ಎಲ್ಲವನ್ನೂ ಸರಿ ಮಾಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಹದಿನೆಂಟು ತುಂಬಿತು. ದೀಪ ಬಂದಳು. ಮೀನಾ ಆಗಲೇ ತಾನಾಗಿ ಹನೂರಿಗೆ ಹೋಗಿ, ಷಡಕ್ಷರಿ ಎಂಬುವರ ಚಾಕಿ ಕೇಂದ್ರದಲ್ಲಿ ಕೆಲಸ ಗೊತ್ತು ಮಾಡಿಕೊಂಡು ಬಂದಿದ್ದಳು. ರೇಷ್ಮೆ ಮೊಟ್ಟೆ ಒಡೆದ ಮರಿಹುಳುಗಳಿಗೆ ಎಳೆಸೊಪ್ಪು ಹೆಚ್ಚಿ ಹಾಕಿ, ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಏಳುವವರೆಗೆ ಸಾಕಿ ರೈತರ ಕೈಗೆ ಕೊಡುವ ಕೆಲಸ. ಹತ್ತಿರದಲ್ಲೇ ಬಾಡಿಗೆಗೊಂದು ಕೋಣೆ, ಜೊತೆಗೆ ಅಂಚೆಯ ಮೂಲಕ ಪದವಿ ಓದು. ಮನೆಯವರಿಗೆಲ್ಲ ಇದು ದೀಪಳ ಮುಂದೆಯೇ ಗೊತ್ತಾಯಿತು.

ದೀಪ ಮತ್ತೊಮ್ಮೆ ಹೇಳಿದಳು. ಹೋಗಲೇಬೇಕೆಂದಿಲ್ಲ, ಇವರು ಒಪ್ಪಿದರೆ ಇಲ್ಲೇ ಇರಬಹುದು. ಎಲ್ಲರೂ ಚಿಕ್ಕತಾಯಮ್ಮನ ಕಡೆ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಮೀನಾ, "ಓಯ್ತೀನಿ ಮೇಡಂ. ಎಲ್ಲಾನೂ ಕಲ್ತಿವ್ನಿ," ಎಂದಳು.

"ನಿಮ್ಮಷ್ಟು ಚೆನ್ನಾಗಿ ತಯಾರು ಮಾಡಿದೋರನ್ನ ನಾನು ನೋಡಿಲ್ಲಮ್ಮ," ಎಂದು ದೀಪ ಹೊರಡುವಾಗ ಚಿಕ್ಕತಾಯಮ್ಮನ ಕೈ ಹಿಡಿದು ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಹೊಸ ಒಲೆ, ಪಾತ್ರೆ, ಕೋಲು ಎಲ್ಲ ಮೀನಾ ಜೊತೆ ಹನೂರಿಗೆ ಹೋದವು. ಗೋವಿಂದಯ್ಯ ಅವನ್ನು ಬಸ್ಸಿನ ಮೇಲೆ ಹಾಕಿಸಿ, ಅವಳ ಜೊತೆ ಹೋಗಿ ಕೋಣೆ ನೋಡಿ ಬಂದ. ಮದುವೆಗೆ ಅವಳು ಬಂದಳು. ಛತ್ರದಲ್ಲಿ ಸೆರಗು ಸಿಕ್ಕಿಸಿ ಪಂಕ್ತಿಗೆ ಪಲ್ಯ ಬಡಿಸಿದಳು, ಚೈತ್ರಳ ಹೂವಿನ ದಂಡೆ ಸರಿ ಮಾಡಿದಳು, ಸಂಜೆಯ ಬಸ್ಸಿಗೆ ಹೋದಳು. ಮನೆಗೆ ಬಂದು ಹೋಗು ಎಂದರೆ, ಹುಳು ಜ್ವರಕ್ಕೆ ಬಿದ್ದಿವೆ, ನಾಳೆ ಬೆಳಗ್ಗೆ ಇರಲೇಬೇಕು ಎಂದಳು. ಸೊಸೆ ಬಂದ ಮೇಲೆ ತಿಳಿಯಿತು, ಚೈತ್ರಗೆ ಸೋದರತ್ತೆಯಂಥ ಯೋಚನೆಯೇ ಇರಲಿಲ್ಲ. "ಮೀನಾ ಇದ್ದಿದ್ರೆ ನಂಗೆ ಜೊತೆಯಾಗೋಳು ಅತ್ತೆ," ಎಂದು ಅವಳೇ ಒಂದು ದಿನ ಅಂದಳು. ಚಿಕ್ಕತಾಯಮ್ಮ ಅಕ್ಕಿ ಆರಿಸುತ್ತಿದ್ದಳು. ಆ ಮೊರವನ್ನೇ ಇನ್ನೊಂದು ಸಲ ಆರಿಸಿದಳು.

ಮತ್ತೆ ಅವರೆಕಾಯಿ ಬಂತು. ಚಿಕ್ಕತಾಯಮ್ಮ ಬೇಳೆ ಹಿದುಕಿ ಸಾರು ಮಾಡಿ, ಅದೇ ಹಿಡಿಯಿರುವ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ಹನೂರಿನ ಬಸ್ಸು ಹತ್ತಿದಳು. ಬಸ್ಸಿನ ತುಂಬ ಬೆಟ್ಟಕ್ಕೆ ಹೊರಟ ಜನ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಮೀನಾಳ ಕೋಣೆ ಚೊಕ್ಕಟವಾಗಿತ್ತು. ಒಲೆ ಪಳಪಳ ಎನ್ನುತ್ತಿತ್ತು. ಗೋಡೆಗೆ ಸುಣ್ಣ ಅವಳೇ ಹೊಡೆದಿದ್ದಳಂತೆ. "ಬಾ ಅವ್ವ, ಕುತ್ಕೊ," ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಅಜ್ಜಿಯ ಕಾಲು ಹೇಗಿದೆ, ಅಪ್ಪ ಮಗ್ಗಕ್ಕೆ ಕೂರುತ್ತಾರೆಯೇ, ಚೈತ್ರ ಅತ್ತಿಗೆಗೆ ಹೊಂದಿಕೆಯಾಯಿತೇ ಎಂದೆಲ್ಲ ಕೇಳಿದಳು. ತಾನು ಕೂಡಿಟ್ಟು ತಂದ ಸೈಕಲ್ ತೋರಿಸಿದಳು. ಹಿಟ್ಟು ತೊಳಸಿ, ಅವಳು ತಂದ ಸಾರಿನ ಜೊತೆ ಬಡಿಸಿ, ಎದುರಿಗೆ ಕೂತು ಇನ್ನಷ್ಟು ಹಾಕಿಕೋ ಎಂದು ಉಪಚರಿಸಿದಳು. ಅಷ್ಟು ಉಪಚಾರ ಚಿಕ್ಕತಾಯಮ್ಮನಿಗೆ ತನ್ನ ತವರಲ್ಲೂ ಸಿಕ್ಕಿರಲಿಲ್ಲ.

ಕೈ ತೊಳೆದ ಮೇಲೆ ಅವಳು ಮಾತು ತೆಗೆದಳು. "ಅವತ್ತು ಮಾಂಬಳ್ಳಿಯೋರು ಬಂದಾಗ ನಾನು ಅಂಗೆ ಅನ್ನಬಾರ್ದಾಗಿತ್ತು ಕಣಮ್ಮಿ."

"ಬುಡವ್ವ. ಇದ್ದಿದ್ದನ್ನೇ ಯೋಳ್ದೆ."

"ನೀನು ನನ್ ಮಗಳು ಅಂತ ಯೋಳಬೇಕಾಗಿತ್ತು."

ಮೀನಾ ತಟ್ಟೆ ತೊಳೆಯುತ್ತಿದ್ದಳು. "ಆವಾಗ ಯೋಳಿದ್ರೆ ಚೆಂದಾಗಿತ್ತು," ಎಂದಳು. ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು. "ನಾಕು ಗಂಟೆ ಬಸ್ಸು ತಪ್ಪಿದ್ರೆ ಆಮೇಲೆ ರಶ್ಶು. ನಿಂಗೆ ಸೀಟು ಸಿಕ್ಕಾಕಿಲ್ಲ."

ಬಸ್‌ಸ್ಟ್ಯಾಂಡಿಗೆ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದಳು. ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು, ಡಬ್ಬಿಯನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟಳು. ಬಸ್ಸು ತಿರುಗುವವರೆಗೂ ನಿಂತಿದ್ದಳು. ಊರು ದಾಟಿದ ಮೇಲೆ, ಮಡಿಲಲ್ಲಿದ್ದ ಡಬ್ಬಿಗೆ ಸಾರಿಲ್ಲದಿದ್ದರೂ ತೂಕವಿದೆ ಎಂದು ಚಿಕ್ಕತಾಯಮ್ಮನಿಗೆ ಗೊತ್ತಾಯಿತು. ಅವಳು ಬಟ್ಟೆ ಬಿಚ್ಚಲಿಲ್ಲ.

ಮನೆಗೆ ಬಂದಾಗ ಕತ್ತಲಾಗಿ ದೀಪಗಳು ಹೊತ್ತಿದ್ದವು. ಗೋವಿಂದಯ್ಯ ಹೇಗಿದ್ದಾಳೆ ಎಂದು ಕೇಳಿದ. ಚೆನ್ನಾಗಿದ್ದಾಳೆ, ಏನೂ ಕೊರತೆಯಿಲ್ಲ ಎಂದಳು. ಅವಳು ಸೀರೆ ಬದಲಿಸಿ ಬರುವಷ್ಟರಲ್ಲಿ ರಾಚಮ್ಮ ಗಂಟು ಬಿಚ್ಚಿ ಮುಚ್ಚಳ ತೆಗೆದಿದ್ದಳು. ಒಳಗೆ ಹುರುಳಿಕಾಳು, ಅದರ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲ.

ಮುದುಕಿ ಕಾಳನ್ನು ಅಂಗೈ ಮೇಲೆ ಹಾಕಿಕೊಂಡು ದೀಪಕ್ಕೆ ಹಿಡಿದು ನೋಡಿದಳು. ಕಲ್ಲಿಲ್ಲ, ಹುಳುಕಿಲ್ಲ. ಒಂದೊಂದೇ ಆರಿಸಿ ಹಾಕಿದ ಕಾಳು.

"ಚೆಂದಾಗಿ ಕಲ್ಸಿದ್ದೀಯೆ ಕಣಮ್ಮಿ," ಎಂದಳು.

ಚಿಕ್ಕತಾಯಮ್ಮ ಡಬ್ಬಿ ತೆಗೆದುಕೊಂಡು, ಕಾಳನ್ನು ಬೇರೆ ಪಾತ್ರೆಗೆ ಸುರಿದು, ಅದನ್ನು ತೊಳೆಯಲು ಹಿತ್ತಲಿಗೆ ಹೋದಳು.